ಯೊವಾನ್ನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ಒಂದು ಮಾಡಿನ ಬೆಳಕು



ಆಗಮನ ಕಾಲದಲ್ಲಿ ನಾವು ವಾರಕ್ಕೊಂದರಂತೆ ಮೊಂಬತ್ತಿ ಹಚ್ಚುತ್ತೇವೆ. ಮನೆಯ ಮುಂದೆ ನಕ್ಷತ್ರ ತೂಗುಹಾಕುತ್ತೇವೆ, ಗೋದಲಿಗೆ ಬಣ್ಣದ ಬಲ್ಬುಗಳ ಸರ ಸುತ್ತುತ್ತೇವೆ. ಆದರೆ ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆಯಲ್ಲಿ ಕತ್ತಲೆ ಮತ್ತು ಬೆಳಕನ್ನು ಕುರಿತ ಪ್ರವಾದಿ ಯೆಶಾಯರ ವಾಚನವನ್ನು ಕೇಳುವಾಗ, ನಿಜ ಹೇಳಬೇಕೆಂದರೆ, ಆ ಕತ್ತಲೆ ನಮ್ಮ ಅನುಭವಕ್ಕೆ ಅಷ್ಟಾಗಿ ಬಾರದು. ಮಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು.

ಉತ್ತರದ ದೇಶಗಳ ಕ್ರೈಸ್ತರಿಗೆ ಹಾಗಲ್ಲ. ಜರ್ಮನಿಯ ಬವೇರಿಯಾ ರಾಜ್ಯವನ್ನೇ ನೋಡೋಣ. ಹಳೆಯ ಕಥೋಲಿಕ ನಾಡು ಅದು, ಜಗದ್ಗುರು 16ನೇ ಬೆನೆಡಿಕ್ಟರ ಹುಟ್ಟೂರು ಇರುವುದೂ ಅಲ್ಲೇ. ಅಲ್ಲಿನ ಮ್ಯೂನಿಕ್ ನಗರದಲ್ಲಿ ಡಿಸೆಂಬರ್ 21ರ ಸುಮಾರಿಗೆ ಹಗಲು ಎಂಟು ಗಂಟೆ ಇಪ್ಪತ್ತು ನಿಮಿಷ ಮಾತ್ರ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 18 ಡಿಗ್ರಿಯಷ್ಟೇ ಮೇಲೇರುತ್ತಾನೆ. ಮಂಗಳೂರಿನಲ್ಲಿ ಅದೇ ದಿನ ಸುಮಾರು 54 ಡಿಗ್ರಿ. ಇಂಥ ನಾಡಿನಲ್ಲಿ, ನಮ್ಮ ಕರಾವಳಿಯ ಹಳೆಯ ಮನೆಗಳಂತೆಯೇ ಇಳಿಜಾರಾದ ಹೆಂಚಿನ ಮಾಡುಗಳ ಮೇಲೆ ಸೌರಫಲಕಗಳು ಸಾಲುಸಾಲಾಗಿ ಕಾಣುತ್ತವೆ ಎಂದರೆ ಯಾರಿಗಾದರೂ ಆಶ್ಚರ್ಯವಾದೀತು.

ಆ ಮನೆಗಳ ವರ್ಷ ಎರಡು ಹಬ್ಬಗಳ ನಡುವೆ ಸಾಗುತ್ತದೆ. ಜೂನ್ 24ರಂದು ಸ್ನಾನಿಕ ಯೊವಾನ್ನರ ಜನನದ ಹಬ್ಬ. ಆಗ ಹಗಲು ಹದಿನಾರು ಗಂಟೆ. ಐದು ಕಿಲೋವಾಟ್‌ನ ಫಲಕಗಳು ದಿನಕ್ಕೆ ಸರಾಸರಿ 20 ಯೂನಿಟ್ ಕೊಡುತ್ತವೆ. ಮನೆಗೆ ಬೇಕಾಗುವುದು ಹತ್ತೋ ಹನ್ನೆರಡೋ. ಉಳಿದದ್ದು ತಂತಿಯ ಮೂಲಕ ನೆರೆಮನೆಗಳಿಗೆ ಹೋಗುತ್ತದೆ. ಆ ದಿನದ ನಂತರ ಹಗಲು ಕುಗ್ಗುತ್ತಾ ಬರುತ್ತದೆ. ತಾನು ಕುಗ್ಗಿ ಪ್ರಭುವಿಗೆ ದಾರಿ ಬಿಟ್ಟುಕೊಟ್ಟ ಸಂತರ ಹಬ್ಬ ಆ ದಿನಗಳಲ್ಲೇ ಬಂದಿರುವುದನ್ನು ಪೂರ್ವಿಕರೂ ಗಮನಿಸಿದ್ದರು. ಕ್ರಿಸ್‌ಮಸ್ ಬರುವ ಹೊತ್ತಿಗೆ ಅದೇ ಮಾಡು ಇಡೀ ಡಿಸೆಂಬರ್ ತಿಂಗಳಿಗೆ 150 ಯೂನಿಟ್ ಕೊಟ್ಟರೆ ಪುಣ್ಯ. ಮನೆ ಬೆಚ್ಚಗಿಡುವ ಹೀಟ್ ಪಂಪ್ ಒಂದೇ ಆಗ ದಿನಕ್ಕೆ 20 ಯೂನಿಟ್‌ಗೂ ಮೀರಿ ಕೇಳಬಹುದು.

ಹಾಗಾದರೆ ಬ್ಯಾಟರಿ ಏಕಿಲ್ಲ ಎಂದು ಕೇಳುವಿರಿ. ಇದೆ. ಆದರೆ ಹತ್ತು ಯೂನಿಟ್ ಹಿಡಿಯುವ ಬ್ಯಾಟರಿ ಹಗಲಿನ ಬೆಳಕನ್ನು ರಾತ್ರಿಗೆ ಉಳಿಸೀತೇ ಹೊರತು ಬೇಸಿಗೆಯನ್ನು ಚಳಿಗಾಲಕ್ಕೆ ಉಳಿಸಲಾರದು. ಹತ್ತು ಮಂದಿ ಕನ್ಯೆಯರ ಸಾಮತಿಯಲ್ಲಿ ಜಾಣೆಯರು ತಂದ ಎಣ್ಣೆಯೂ ಒಂದು ರಾತ್ರಿಯ ಮಟ್ಟಿಗೆ ತಾನೆ! ಆದ್ದರಿಂದ ಜೂನ್‌ನಲ್ಲಿ ಕೊಡುವ ಮನೆಯೇ ಡಿಸೆಂಬರ್‌ನಲ್ಲಿ ಕೈಚಾಚುತ್ತದೆ. ಸ್ವಂತ ಮಾಡಿನ ವಿದ್ಯುತ್ತಿದೆ, ಇನ್ನು ಯಾರ ಹಂಗೂ ಇಲ್ಲ ಎಂದುಕೊಂಡವರು ಮೊದಲ ಚಳಿಗಾಲದಲ್ಲೇ ಪಾಠ ಕಲಿಯುತ್ತಾರೆ. ಇನ್ನೊಂದು ಸಂಗತಿಯೂ ಹಲವರಿಗೆ ತಿಳಿದಿಲ್ಲ: ಊರಿನ ಕರೆಂಟು ಹೋದರೆ, ಬಿಸಿಲು ಸುಡುತ್ತಿದ್ದರೂ ಸಾಮಾನ್ಯ ಸೌರ ವ್ಯವಸ್ಥೆ ತಾನಾಗಿ ನಿಂತುಹೋಗುತ್ತದೆ. ತಂತಿ ಸರಿಪಡಿಸುವ ಲೈನ್‌ಮನ್‌ನ ಜೀವ ಉಳಿಯಲಿ ಎಂದೇ ಈ ಏರ್ಪಾಡು.

ಹಿಮದ ಬಗ್ಗೆ ನಾವು ಭಾವಿಸುವುದೆಲ್ಲ ಸರಿಯಲ್ಲ. ಫಲಕಗಳಿಗೆ ಬೇಕಾದದ್ದು ಬೆಳಕು, ಸೆಕೆಯಲ್ಲ. ಬಿಸಿಯೇರಿದಷ್ಟೂ ಅವುಗಳ ಶಕ್ತಿ ಕುಂದುತ್ತದೆ. ತಿಳಿಯಾದ ಆಕಾಶದ ಚಳಿಯ ದಿನ ಅವು ಚೆನ್ನಾಗಿಯೇ ದುಡಿಯುತ್ತವೆ. ಹಿಮ ಮುಚ್ಚಿದರೆ ಮಾತ್ರ ಎಲ್ಲವೂ ಸ್ತಬ್ಧ. ಪೊರಕೆ ಹಿಡಿದು ಮಾಡು ಹತ್ತುವುದು ಅಪಾಯ. ಆ ದಿನಗಳಲ್ಲಿ ನಷ್ಟವಾಗುವುದೂ ಅಲ್ಪವೇ, ಹಿಮ ಜಾರಿ ಬೀಳುವವರೆಗೆ ಕಾಯುವುದೇ ಲೇಸು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹಣದ ವಿಷಯ. ಜರ್ಮನಿಯ 2000ದ ಕಾನೂನು ಮಾಡಿನ ವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ನಿಗದಿತ ಬೆಲೆ ಕೊಟ್ಟಿತು. 2004ರಲ್ಲಿ ಚಿಕ್ಕ ಮಾಡುಗಳಿಗೆ ಅದು ಯೂನಿಟ್‌ಗೆ 57.4 ಸೆಂಟ್, ಈಗ ಹೊಸದಾಗಿ ಹಾಕಿಸುವವರಿಗೆ ಸಿಗುವುದು ಸುಮಾರು ಎಂಟು ಸೆಂಟ್. ಆದರೆ ಆ ಹಣ ಎಲ್ಲಿಂದ ಬಂತು? ಬಹುಕಾಲ ಅದು ಎಲ್ಲರ ವಿದ್ಯುತ್ ಬಿಲ್ಲಿನ ಮೇಲೆ ಹೇರಿದ ಹೆಚ್ಚುವರಿ ಶುಲ್ಕದಿಂದ ಬಂತು. ಸ್ವಂತ ಮಾಡಿದ್ದವನು ಗಳಿಸಿದ, ಬಾಡಿಗೆ ಮನೆಯ ವಿಧವೆಯೂ ತನ್ನ ಪಾಲನ್ನು ತೆತ್ತಳು. ಈ ಶುಲ್ಕ ರದ್ದಾದದ್ದು 2022ರ ಜುಲೈನಲ್ಲಿ. ಸೃಷ್ಟಿಯ ರಕ್ಷಣೆಯ ಹೆಸರಿನಲ್ಲಿ ಬಡವರ ಮೇಲೆ ಹೊರೆ ಬಿದ್ದರೆ ಅದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲಾವ್ದಾತೊ ಸೀ' ಪತ್ರದಲ್ಲಿ ತಿಳಿಸಿದ್ದು ಇದಕ್ಕೇ ಅಲ್ಲವೇ?

ಈಗ ಬಾಡಿಗೆದಾರರಿಗೂ ಒಂದು ದಾರಿ ತೆರೆದಿದೆ. 2024ರಿಂದ 800 ವಾಟ್‌ವರೆಗಿನ ಪುಟ್ಟ ಫಲಕಗಳನ್ನು ಬಾಲ್ಕನಿಯ ಕಂಬಿಗೆ ಕಟ್ಟಿ ಮನೆಯ ಪ್ಲಗ್ಗಿಗೇ ಜೋಡಿಸಬಹುದು. ತಕ್ಕ ಕಾರಣವಿಲ್ಲದೆ ಮನೆಯೊಡೆಯ ಅಡ್ಡಿ ಮಾಡುವಂತಿಲ್ಲ. ನರ್ಸ್ ಕೆಲಸಕ್ಕೋ ಓದಿಗೋ ಜರ್ಮನಿಗೆ ಹೋಗಿರುವ ನಮ್ಮ ಮಕ್ಕಳಿಗೂ ಇದು ಉಪಯೋಗಕ್ಕೆ ಬಂದೀತು. ಫ್ರಿಜ್ಜಿಗೆ, ದೀಪಕ್ಕೆ ಹಗಲಿನಲ್ಲಿ ಅಷ್ಟಿಷ್ಟು ಆಸರೆಯಾಗುತ್ತದೆ.

ನಮ್ಮ ಕರಾವಳಿಯ ಲೆಕ್ಕ ತಿರುಗುಮುರುಗು. ಯೊವಾನ್ನರ ಹಬ್ಬಕ್ಕೆ ಇಲ್ಲಿ ಜಡಿಮಳೆ, ಫಲಕಗಳಿಗೆ ಬಡತನ. ಕ್ರಿಸ್‌ಮಸ್‌ಗೆ ಒಳ್ಳೆಯ ಬಿಸಿಲು.

ಬವೇರಿಯಾದವರು ಕಾಯುವುದು ಫೆಬ್ರವರಿ 2ಕ್ಕೆ. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ, ಮೊಂಬತ್ತಿಗಳನ್ನು ಆಶೀರ್ವದಿಸುವ ದಿನ. ಹಿಂದೆ ಅಲ್ಲಿನ ಹಳ್ಳಿಗಳಲ್ಲಿ ಹೊಲದಾಳುಗಳ ವರ್ಷ ಮುಗಿದು ಸಂಬಳ ಕೈಸೇರುತ್ತಿದ್ದದ್ದೂ ಅಂದೇ. ಆ ಹೊತ್ತಿಗೆ ಹಗಲು ಕ್ರಿಸ್‌ಮಸ್‌ಗಿಂತ ಒಂದು ಗಂಟೆಗೂ ಹೆಚ್ಚು ಉದ್ದವಾಗಿರುತ್ತದೆ. ಪೂಜೆ ಮುಗಿಸಿ ಬಂದ ಮನೆಯವರು, ಆಕಾಶ ತಿಳಿಯಾಗಿದ್ದರೆ, ಮೀಟರು ನೋಡಲು ಮತ್ತೆ ನೆಲಮಾಳಿಗೆಗೆ ಇಳಿಯುತ್ತಾರೆ.