ನಾಡಿ 150ಕ್ಕೇ ನಿಂತುಬಿಟ್ಟರೆ?

ಕೂತಲ್ಲೇ ಕೂತಿದ್ದರೂ ವಾಚ್‌ನಲ್ಲಿ ನಾಡಿ 150. ಹತ್ತು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ಮೆಟ್ಟಿಲು ಹತ್ತಿದಾಗ ಏರಿ, ಕೂತಾಗ ಇಳಿಯೋದು ನಾಡಿಯ ಗುಣ. ಹೀಗೆ ಒಂದೇ ಅಂಕಿಗೆ ಅಂಟಿಕೊಂಡರೆ ಟೆನ್ಷನ್ ಅಂತ ಸುಮ್ಮನಾಗಬೇಡಿ. ಊರಲ್ಲಿರೋ ಅಪ್ಪ ‘ಗ್ಯಾಸ್ ಆಗೈತಿ, ಬಿಡೋ’ ಅಂದರೂ ಬಿಡದೆ ಇಸಿಜಿ ಮಾಡಿಸಿ. ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಇದು ಏಟ್ರಿಯಲ್ ಫ್ಲಟರ್ ಇರಬಹುದು. ಹೃದಯದ ಬಲ ಮೇಲ್ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಅಲೆ ಕೆಳಗಿಳಿದು ಮುಗಿಯಬೇಕು. ಫ್ಲಟರ್‌ನಲ್ಲಿ ಅದು ಮುಗಿಯೋದೇ ಇಲ್ಲ. ಮೇಲಿನ, ಕೆಳಗಿನ ಕೋಣೆಗಳ ನಡುವಿನ ಬಾಗಿಲಾದ ತ್ರಿದಳ ಕವಾಟದ ಸುತ್ತ ಗಾಣದೆತ್ತಿನಂತೆ ನಿಮಿಷಕ್ಕೆ ಸುಮಾರು 300 ಸುತ್ತು ಹಾಕುತ್ತದೆ. ಎವಿ ನೋಡ್ ಎಂಬ ಕಾವಲುಗಾರ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನಷ್ಟೇ ಕೆಳಗೆ ಬಿಡುತ್ತಾನೆ. ಹಾಗಾಗಿ 150. ಇಸಿಜಿಯಲ್ಲಿ ಗರಗಸದ ಹಲ್ಲಿನಂಥ ಗೆರೆ ಕಾಣುತ್ತದೆ.

ಈ ಸುತ್ತುದಾರಿಯಲ್ಲಿ ಒಂದು ಇಕ್ಕಟ್ಟಿದೆ. ಒಂದು ಬದಿಗೆ ತ್ರಿದಳ ಕವಾಟ, ಇನ್ನೊಂದು ಬದಿಗೆ ದೇಹದ ಕೆಳಭಾಗದಿಂದ ರಕ್ತ ತರುವ ಮಹಾಸಿರೆಯ ಬಾಯಿ. ನಡುವೆ ಕೆಲವೇ ಸೆಂಟಿಮೀಟರ್ ಸ್ನಾಯು. ಅಲೆ ಪ್ರತಿ ಸುತ್ತಿಗೂ ಇಲ್ಲಿಂದಲೇ ಹಾಯಬೇಕು. ಎರೆಹೊಲದ ಒಡ್ಡು ಕಂಡ ಮರೋಳ, ಹುನಗುಂದದವರಿಗೆ ಮುಂದಿನದನ್ನು ಹೇಳೋದೇ ಬೇಡ. ಒಡ್ಡು ಎರಡೂ ದಿಬ್ಬಕ್ಕೆ ತಾಗಿರಬೇಕು. ಗೇಣು ಸಂದು ಬಿಟ್ಟರೂ ನೀರು ನುಗ್ಗುತ್ತದೆ.

ಕ್ಯಾತಿಟರ್ ಅಬ್ಲೇಶನ್ ಅಂದರೆ ಇಂಥದ್ದೇ ಒಡ್ಡು. ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆ ಕ್ಯಾತಿಟರ್ ಏರಿಸಿ, ಕವಾಟದ ಅಂಚಿನಿಂದ ಮಹಾಸಿರೆಯವರೆಗೆ ಚುಕ್ಕಿ ಚುಕ್ಕಿಯಾಗಿ ಸುಡುತ್ತಾರೆ. ಕೇಳೋಕೆ ಸುಲಭ, ಆದರೆ ಆ ನೆಲ ಎಲ್ಲರಲ್ಲೂ ಸಪಾಟಾಗಿರೋದಿಲ್ಲ. ಕೆಲವರಲ್ಲಿ ಗುಂಡಿ ಇರುತ್ತದೆ, ಕೆಲವರಲ್ಲಿ ಮಹಾಸಿರೆಯ ಬಾಯಿ ಹತ್ತಿರ ದಪ್ಪ ಏಣು. ಅಲ್ಲಿ ಕ್ಯಾತಿಟರ್ ತುದಿ ಸರಿಯಾಗಿ ತಾಗದೆ ಸಂದು ಉಳಿಯಬಹುದು. ತೀರಾ ಒಳಬದಿಗೆ ಸರಿದರೆ ಎವಿ ನೋಡ್‌ಗೇ ಅಪಾಯ. ಆದ್ದರಿಂದ ಸಾಮಾನ್ಯವಾಗಿ ತೆಳುವಾಗಿರುವ ನಡುಭಾಗವನ್ನು ಆರಿಸುತ್ತಾರೆ. ಕೊನೆಗೆ ಎರಡೂ ಬದಿಯಿಂದ ವಿದ್ಯುತ್ ಮಿಡಿತ ಕೊಟ್ಟು, ಗೆರೆ ದಾಟುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಈ ಬಗೆಯ ಫ್ಲಟರ್‌ನಲ್ಲಿ 100ರಲ್ಲಿ 90ಕ್ಕೂ ಹೆಚ್ಚು ಜನರಿಗೆ ಇದು ಫಲಿಸುತ್ತದೆ.

ಆದರೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕೆಲವರಲ್ಲಿ ಮುಂದೆ ಬೇರೆ ಬಗೆಯ ಲಯದೋಷವೂ ಬರುತ್ತದೆ.

ಈ ಕೆಲಸ ಹೃದ್ರೋಗ ತಜ್ಞರಲ್ಲೂ ಎಲೆಕ್ಟ್ರೋಫಿಸಿಯಾಲಜಿ ಕಲಿತವರದ್ದು; ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಆ ವಿಭಾಗವಿದೆ. ಅಷ್ಟು ದೂರ ಹೋಗುವಾಗ, ನಾಡಿ ಏರಿದ್ದಾಗಲೇ ತೆಗೆದ ಇಸಿಜಿ ಕೈಯಲ್ಲಿರಲಿ. ಲಯ ಸರಿಹೋದ ಮೇಲೆ ತೆಗೆದದ್ದರಲ್ಲಿ ಗರಗಸ ಕಾಣಿಸೋದಿಲ್ಲ.