ಮುಖ ಗೆಳೆಯನದೇ, ಕರೆ ಅವನದಲ್ಲ!

ಮೋಸದ ಮೆಸೇಜನ್ನು ಮೊದಲೆಲ್ಲ ಗುರುತಿಸೋದು ಸುಲಭವಿತ್ತು. ಅರ್ಧಂಬರ್ಧ ಕನ್ನಡ, ತಪ್ಪು ಕಾಗುಣಿತ ನೋಡಿದ್ರೆ ಸಾಕು, ಇದು ಟೋಪಿ ಹಾಕೋ ಕೇಸು ಅಂತ ಗೊತ್ತಾಗ್ತಿತ್ತು. ಈಗ ಎಐ ಆ ತಪ್ಪುಗಳನ್ನೆಲ್ಲ ತಿದ್ದಿಕೊಡುತ್ತಿದೆ. ಜೊತೆಗೆ ದನಿ, ಮುಖಗಳನ್ನೂ ನಕಲು ಮಾಡುತ್ತಿದೆ.

2023ರ ಜುಲೈನಲ್ಲಿ ಕೇರಳದ ಕೋಯಿಕ್ಕೋಡ್‌ನ ನಿವೃತ್ತರೊಬ್ಬರಿಗೆ ವಾಟ್ಸ್‌ಆ್ಯಪ್ ವಿಡಿಯೊ ಕರೆ ಬಂತು. ಪರದೆಯ ಮೇಲೆ ಹಳೆಯ ಸಹೋದ್ಯೋಗಿಯ ಮುಖ. ಆಸ್ಪತ್ರೆ ಖರ್ಚಿಗೆ ಅರ್ಜೆಂಟಾಗಿ ಹಣ ಬೇಕೆಂದಾಗ 40,000 ರೂಪಾಯಿ ಕಳಿಸಿದರು. ಮತ್ತೆ 35,000 ಕೇಳಿದಾಗಲೇ ಅನುಮಾನ ಬಂದದ್ದು. ಗೆಳೆಯನ ಹಳೇ ನಂಬರಿಗೆ ಫೋನ್ ಮಾಡಿದರೆ, ಆತನಿಗೆ ಇದರ ಸುಳಿವೇ ಇರಲಿಲ್ಲ.

ಕಳ್ಳರನ್ನು ಹಿಡಿಯಲೂ ಎಐ ಇದೆ. ಕದ್ದ ಹಣ ಸಾಗಿಸಲು ಬಳಸುವ ಬೇರೆಯವರ ಖಾತೆಗಳನ್ನು ಪತ್ತೆ ಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ 'ಮ್ಯೂಲ್‌ಹಂಟರ್' ಎಂಬ ವ್ಯವಸ್ಥೆ ರೂಪಿಸಿದೆ. ಆದರೆ ಯುಪಿಐ ಪಿನ್ ಒತ್ತುವುದು ನೀವೇ ತಾನೇ? ಬ್ಯಾಂಕಿನ ಕಣ್ಣಿಗೆ ಅದು ನೀವು ಮನಸಾರೆ ಕಳಿಸಿದ ಹಣದಂತೆಯೇ ಕಾಣಬಹುದು.

ಹಾಗಾಗಿ ಕಣ್ಣು, ಕಿವಿಗಳನ್ನಷ್ಟೇ ನಂಬಬೇಡಿ.

• ಯಾರೇ ಅರ್ಜೆಂಟಾಗಿ ಹಣ ಕೇಳಲಿ, ಕರೆ ಕಟ್ ಮಾಡಿ. ನಿಮ್ಮಲ್ಲಿ ಸೇವ್ ಆಗಿರುವ ನಂಬರಿಗೆ ನೀವೇ ಫೋನ್ ಮಾಡಿ.

• ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಊರಲ್ಲಿರುವ ಅಪ್ಪ-ಅಮ್ಮನಿಗೂ ಇವತ್ತೇ ಹೇಳಿ.

• ಹಣ ಹೋಯಿತೇ? ನಾಚಿಕೆಪಟ್ಟು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಎರಡು ನಿಮಿಷ ಕಾಯಿಸಿದ್ದಕ್ಕೆ ನಿಜವಾದ ಗೆಳೆಯ ಬೇಜಾರು ಮಾಡಿಕೊಳ್ಳಲ್ಲ. ಕಾಯೋಕೆ ಆಗದವನು ಕಳ್ಳ ಮಾತ್ರ.