ರಾಯದುರ್ಗದ ಮನೆಗೊಂದು ಡಿ.ವಿ.ಡಿ. ಪ್ಲೇಯರ್

ರಾಯದುರ್ಗ ನಮಗೆ ದೂರದ ಊರಾದರೂ ಅದರ ಪಾಡು ಹೊಸದಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆ ತಾಲೂಕು ಆಂಧ್ರದ ಪಾಲಾಯಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅಲ್ಲಿನ ಕನ್ನಡ ಮಕ್ಕಳ ಕಿವಿಗೆ ಬೀದಿಯಲ್ಲಿ ಬೀಳುವುದು ತೆಲುಗು. ಕನ್ನಡ ಬೀಳಬೇಕಾದರೆ ಮನೆಯೊಳಗೇ ಬೀಳಬೇಕು.

2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿಯು ಸಿನಿಮಾ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲೆ ಕನ್ನಡ ಚಿತ್ರಗಳೂ ಸಾಮಾನ್ಯರ ಕೈಗೆಟುಕಿದವು. ಕಂಪೆನಿ ದಿವಾಳಿಯಾಯಿತು, ಡಿಸ್ಕುಗಳು ಕಪಾಟಿನಲ್ಲಿವೆ. ಹಳೆಯ ಪ್ಲೇಯರ್ ಕೆಟ್ಟರೆ ಏನನ್ನು ಕೊಳ್ಳಬೇಕು?

ದುಬಾರಿ ಬ್ಲೂ-ರೇ ಬೇಡ, ಸಾದಾ ಡಿ.ವಿ.ಡಿ. ಪ್ಲೇಯರ್ ಸಾಕು. ಅದು ವಿ.ಸಿ.ಡಿ.ಯನ್ನೂ ಓದುವುದೇ ಎಂದು ಮೊದಲು ಕೇಳಿರಿ. ಸಿ.ಡಿ. ಜಾತಿಗೆ 780 ನ್ಯಾನೋಮೀಟರಿನ ಲೇಸರ್, ಡಿ.ವಿ.ಡಿ.ಗೆ 650, ಹಳೆಯ ಯಂತ್ರಗಳಲ್ಲಿ ಒಂದು ಸೋತರೂ ಇನ್ನೊಂದು ನಡೆಯುವುದುಂಟು. ಹೊಸ ಟಿ.ವಿ.ಗಳಲ್ಲಿ ಹಳದಿ, ಬಿಳಿ, ಕೆಂಪು ತೂತುಗಳು ಇಲ್ಲದಿರಬಹುದು. ಆಗ ಪ್ಲೇಯರಿನಲ್ಲಿ ಎಚ್.ಡಿ.ಎಂ.ಐ. ಬೇಕು. ಡಿ.ವಿ.ಡಿ.ಗಳಿಗೆ ವಲಯಸಂಖ್ಯೆಯೂ ಉಂಟು: ಭಾರತ 5, ಗಲ್ಫ್ 2. ನಮ್ಮಲ್ಲಿ ಗಲ್ಫಿನಿಂದ ಬಂದ ಡಿಸ್ಕಿಲ್ಲದ ಮನೆ ಯಾವುದು? ಎಲ್ಲ ವಲಯಗಳನ್ನೂ ಓದುವುದನ್ನೇ ಆರಿಸಿರಿ.

ಅಂಗಡಿಯವನ ಹೊಳೆಯುವ ಡಿಸ್ಕನ್ನು ನಂಬಬೇಡಿ. ರಾಯದುರ್ಗದವರು ಬಳ್ಳಾರಿಗೆ ಹೋಗಲಿ, ನಾವು ಮಂಗಳೂರಿಗೆ ಹೋಗೋಣ, ಮನೆಯ ಅತ್ಯಂತ ಗೀಚಿದ ಡಿಸ್ಕೊಂದು ಚೀಲದಲ್ಲಿರಲಿ. ಲೇಸರ್ ನಡುವಿನಿಂದ ಅಂಚಿನತ್ತ ಓದುತ್ತ ಹೋಗುವುದರಿಂದ, ಚಿತ್ರದ ಕೊನೆಯ ಹತ್ತು ನಿಮಿಷ ಹಾಕಿಸಿರಿ. ಅದು ತಡವರಿಸದೆ ಓಡಿದರೆ ಹಣ ಕೊಡಿರಿ.